ರೇಸ್ ಏರುತ್ತದೆ, ಗಾಡಿ ಏರುವುದಿಲ್ಲ: ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಪ್ರೆಶರ್ ಲೆಕ್ಕ

ಕಾಸರಗೋಡಿಗೆ ಆಟೋಮ್ಯಾಟಿಕ್ ಗಾಡಿ ಹೊಸದೇನಲ್ಲ. ಗಲ್ಫಿನಲ್ಲಿ ವರ್ಷಗಟ್ಟಲೆ ಎರಡು ಪೆಡಲಿನ ಕಾರು ಓಡಿಸಿದವರಿಗೆ ಊರಿಗೆ ಬಂದ ಮೇಲೆ ಕ್ಲಚ್ ತುಳಿಯುವುದು ಬೇಡವಾಗುತ್ತದೆ. ಆದರೆ ಅಲ್ಲಿಯ ರಸ್ತೆ ಬಹುಪಾಲು ಸಪಾಟು. ಇಲ್ಲಿ ಚೆರ್ಕಳ ಬಿಟ್ಟು ಮುಳ್ಳೇರಿಯ ಕಡೆ ತಿರುಗಿದರೆ ಏರು, ಇಳಿತ, ತಿರುವು. ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಬೇಕಾದರೆ ಇನ್ನೂ ಕಷ್ಟ. ಪಾಣತ್ತೂರಿನಿಂದ ಕರಿಕೆ ಮೇಲೆ ಭಾಗಮಂಡಲಕ್ಕೆ ಹೋಗುವ ದಾರಿಯಂತೂ ಗೇರ್‌ಬಾಕ್ಸಿನ ಪರೀಕ್ಷೆಯೇ ಸರಿ. ದೂರು ಹುಟ್ಟುವುದೂ ಇಂಥ ಕಡೆಯಲ್ಲೇ: ‘ರೇಸ್ ಏರುತ್ತದೆ, ಗಾಡಿ ಏರುವುದಿಲ್ಲ.’

ದೂರಿನ ಬೆನ್ನಿಗೇ ಸಲಹೆಯೂ ಬರುತ್ತದೆ. ‘ಪ್ರೆಶರ್ ಸ್ವಲ್ಪ ಏರಿಸಿದರೆ ಸರಿಯಾಗ್ತದೆ.’ ಕೆಲವೊಮ್ಮೆ ಆಗುತ್ತದೆ, ನಿಜ. ಆದರೆ ಗೇರ್‌ಬಾಕ್ಸಿನೊಳಗಿನ ಎಣ್ಣೆಯ ಪ್ರೆಶರ್ ಎಷ್ಟಿದೆ, ಎಷ್ಟಿರಬೇಕಿತ್ತು, ಎಲ್ಲಿ ಕಡಿಮೆಯಾಯಿತು ಎಂದು ಅಳೆಯದೆ ಏರಿಸುವುದು ಶುದ್ಧ ಜೂಜು. ಹೀಗೇಕೆ ಹೇಳುತ್ತೇನೆ ಎಂದು ತಿಳಿಯಲು ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಮೊದಲು ಒಂದು ವಿಷಯ ಬದಿಗಿಡೋಣ. ‘ಆಟೋಮ್ಯಾಟಿಕ್’ ಎಂದು ಮಾರುವ ಎಲ್ಲ ಗಾಡಿಯ ಹೊಟ್ಟೆಯೂ ಒಂದೇ ಅಲ್ಲ. 2014ರಲ್ಲಿ ಸೆಲೆರಿಯೊ ಮೂಲಕ ನಮ್ಮಲ್ಲಿಗೆ ಬಂದ ಎಎಂಟಿ ಅಂದರೆ ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ತುಳಿಯುವ, ಗೇರ್ ಹಾಕುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ, ಅಷ್ಟೆ. ಅದು ಸ್ಲಿಪ್ ಆದರೆ, ಅಂದರೆ ಹಿಡಿತ ಸಿಗದೆ ಜಾರಿದರೆ, ಹೆಚ್ಚಾಗಿ ಕ್ಲಚ್ ಪ್ಲೇಟ್ ಸವೆದಿದೆ ಎಂದರ್ಥ. ಸಿವಿಟಿ ಎಂಬ ಇನ್ನೊಂದು ಬಗೆಯಲ್ಲಿ ಗೇರುಗಳೇ ಇಲ್ಲ, ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟು. ಅದರಲ್ಲಿ ಕಾಲು ಒತ್ತಿದಾಗ ಎಂಜಿನ್ ಮೊದಲು ಕೂಗಿ ಗಾಡಿ ಆಮೇಲೆ ಓಡುವುದು ಸಹಜ ಗುಣ, ರೋಗವಲ್ಲ. ನಿಜವಾಗಿ ಬೆಲ್ಟು ಜಾರಿದರೆ ಮಾತ್ರ ಪುಲ್ಲಿಯ ಮೈಗೇ ಗೀರು ಬೀಳುತ್ತದೆ. ನಾನಿಲ್ಲಿ ಹೇಳುವುದು ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನ ಬಗ್ಗೆ. ಇನೋವಾ ಕ್ರಿಸ್ಟಾ, ಎಕ್ಸ್‌ಯುವಿ 700 ಮುಂತಾದ ಗಾಡಿಗಳ ಆಟೋಮ್ಯಾಟಿಕ್ ಮಾದರಿಗಳಲ್ಲಿ ಬಂದ ಬಗೆ ಇದು.

ಒಳಗಿನ ಹಿಡಿತ

ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ಇರುವುದು ಟಾರ್ಕ್ ಕನ್ವರ್ಟರ್. ಎಂಜಿನ್ ಕಡೆಯ ಚಕ್ರ ಎಣ್ಣೆಯನ್ನು ಎಸೆಯುತ್ತದೆ, ಗೇರ್‌ಬಾಕ್ಸ್ ಕಡೆಯ ಚಕ್ರ ಅದರ ಹೊಡೆತಕ್ಕೆ ತಿರುಗುತ್ತದೆ. ಈ ಎರಡನೆಯ ಚಕ್ರಕ್ಕೆ ಟರ್ಬೈನ್ ಎನ್ನುತ್ತಾರೆ. ಎಣ್ಣೆಯ ಮೂಲಕ ನಡೆಯುವ ಕೆಲಸವಾದ್ದರಿಂದ ಇಲ್ಲಿ ಸ್ವಲ್ಪ ಜಾರುವಿಕೆ ಇದ್ದೇ ಇರುತ್ತದೆ. ವೇಗ ಸ್ಥಿರವಾದಾಗ ಲಾಕಪ್ ಕ್ಲಚ್ ಕಚ್ಚಿಕೊಂಡು ಎರಡನ್ನೂ ಒಟ್ಟಿಗೆ ತಿರುಗಿಸುತ್ತದೆ.

ಅದರ ಹಿಂದೆ ಪ್ಲಾನೆಟರಿ ಗೇರುಗಳು. ಇವುಗಳ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ಯಾವ ಗೇರು ಸಿಗುತ್ತದೆ ಎನ್ನುವುದು ಯಾವ ಭಾಗವನ್ನು ಹಿಡಿದು ನಿಲ್ಲಿಸಿದ್ದೇವೆ, ಯಾವುದನ್ನು ತಿರುಗಿಸುತ್ತಿದ್ದೇವೆ ಎನ್ನುವುದರ ಮೇಲೆ ನಿಂತಿದೆ. ಹಿಡಿಯುವ ಕೆಲಸ ಕ್ಲಚ್ ಪ್ಯಾಕುಗಳದ್ದು. ಒಂದು ಉಕ್ಕಿನ ಪ್ಲೇಟು, ಒಂದು ಫ್ರಿಕ್ಷನ್ ಪ್ಲೇಟು, ಮತ್ತೆ ಉಕ್ಕು, ಹೀಗೆ ಜೋಡಿಸಿದ ಕಟ್ಟು. ಹಿಂದೆ ಒಂದು ಪಿಸ್ಟನ್. ಎಣ್ಣೆಯ ಒತ್ತಡ ಪಿಸ್ಟನ್ನನ್ನು ತಳ್ಳಿದಾಗ ಪ್ಲೇಟುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಒತ್ತಡ ಹೋದರೆ ಸ್ಪ್ರಿಂಗು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ.

ಹಿಡಿತ ಎಷ್ಟು ಬಲವಾಗಿದೆ ಎಂದು ಲೆಕ್ಕ ಹಾಕಬಹುದು. ಸುಮ್ನೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಪಿಸ್ಟನ್ನಿನ ವಿಸ್ತೀರ್ಣ 100 ಚದರ ಸೆಂಟಿಮೀಟರ್, ಒತ್ತಡ 6 ಬಾರ್. ಆಗ ತಳ್ಳುವ ಬಲ 6000 ನ್ಯೂಟನ್. ಸ್ಪ್ರಿಂಗು 800 ನ್ಯೂಟನ್ ತಿನ್ನುತ್ತದೆ, ಉಳಿದದ್ದು 5200. ಘರ್ಷಣೆಯ ಗುಣಾಂಕ 0.13, ನಾಲ್ಕು ಫ್ರಿಕ್ಷನ್ ಪ್ಲೇಟುಗಳ ಎಂಟು ಮುಖ, ಸರಾಸರಿ ತ್ರಿಜ್ಯ 6.5 ಸೆಂಟಿಮೀಟರ್. ಎಲ್ಲ ಗುಣಿಸಿದರೆ ಸುಮಾರು 350 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಹಿಡಿಯಬಲ್ಲ ಕ್ಲಚ್ಚು.

ಈಗ ಎಲ್ಲೋ ಸೋರಿ ಒತ್ತಡ 4 ಬಾರಿಗೆ ಇಳಿಯಿತು ಎಂದುಕೊಳ್ಳಿ. ಸ್ಪ್ರಿಂಗು ಮಾತ್ರ ತನ್ನ ಪಾಲಿನ 800 ನ್ಯೂಟನ್ ಬಿಡುವುದಿಲ್ಲ. ಉಳಿಯುವುದು 3200. ಹಿಡಿತ ಸುಮಾರು 216ಕ್ಕೆ ಕುಸಿಯುತ್ತದೆ. ಒತ್ತಡ ಮೂರನೇ ಒಂದು ಪಾಲು ಕಡಿಮೆಯಾದರೆ ಹಿಡಿತ ಅದಕ್ಕಿಂತ ಜಾಸ್ತಿ ಕಡಿಮೆಯಾಯಿತು. ಕ್ಲಚ್ಚಿಗೆ ಬರುವ ಟಾರ್ಕ್ 200 ಇರುವಾಗ ಏನೂ ಗೊತ್ತಾಗುವುದಿಲ್ಲ. ಏರಿನಲ್ಲಿ ಕಾಲು ಒತ್ತಿ ಅದು 280 ಆದಾಗ ಜಾರುತ್ತದೆ. ಕುಂಬಳೆಯಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಸುಖವಾಗಿ ಹೋದ ಗಾಡಿ ಘಾಟಿಯಲ್ಲಿ ಕೈಕೊಡುವುದು ಇದೇ ಕಾರಣಕ್ಕೆ.

ಜಾರಿದಾಗ ಹುಟ್ಟುವ ಬಿಸಿಗೂ ಲೆಕ್ಕವಿದೆ: ಟಾರ್ಕ್, ಎರಡೂ ಕಡೆಯ ವೇಗದ ವ್ಯತ್ಯಾಸ, ಜಾರುವ ಸಮಯ, ಈ ಮೂರರ ಗುಣಲಬ್ಧ. ಸರಿಯಾದ ಶಿಫ್ಟಿನಲ್ಲೂ, ಅಂದರೆ ಗೇರ್ ಬದಲಾಗುವಾಗಲೂ, ಅರ್ಧ ಸೆಕೆಂಡಿನಷ್ಟು ಜಾರುವಿಕೆ ಇರುತ್ತದೆ. ಇಲ್ಲದಿದ್ದರೆ ಪ್ರತಿ ಗೇರಿಗೂ ತಲೆ ಸೀಟಿಗೆ ಹೊಡೆಯುತ್ತಿತ್ತು. ಅದೇ ಜಾರುವಿಕೆ ಎರಡು ಸೆಕೆಂಡ್ ಎಳೆದರೆ ಬಿಸಿ ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ. ಪ್ಲೇಟಿನ ಮೈ ಗಾಜಿನ ಹಾಗೆ ನುಣುಪಾಗುತ್ತದೆ. ಆಮೇಲೆ ಒತ್ತಡ ಸರಿಯಿದ್ದರೂ ಹಿಡಿತ ಸಿಗುವುದಿಲ್ಲ.

ಒತ್ತಡ ಬರುವುದೆಲ್ಲಿಂದ, ನಿರ್ಧರಿಸುವವರು ಯಾರು

ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ. ಅದರಿಂದ ಬರುವ ಮೂಲ ಒತ್ತಡಕ್ಕೆ ಲೈನ್ ಪ್ರೆಶರ್ ಎಂದು ಹೆಸರು. ಹಲವು ಗೇರ್‌ಬಾಕ್ಸುಗಳಲ್ಲಿ ಐಡಲ್‌ನಲ್ಲಿ 4 ಬಾರ್ ಆಸುಪಾಸು, ಪೂರ್ತಿ ಕಾಲು ಒತ್ತಿದಾಗ 13–14 ಬಾರ್ ವರೆಗೆ ಇರುತ್ತದೆ. ರಿವರ್ಸಿನಲ್ಲಿ ಸಾಮಾನ್ಯವಾಗಿ ಇನ್ನೂ ಜಾಸ್ತಿ. ನಿಮ್ಮ ಗಾಡಿಯ ಸರಿಯಾದ ಅಂಕಿ ಅದರ ಸರ್ವಿಸ್ ಮ್ಯಾನುವಲ್ಲಿನಲ್ಲಿರುತ್ತದೆ, ಲೆಕ್ಕಕ್ಕೆ ಬರುವುದು ಅದೊಂದೇ.

ಹಳೆಯ ಗಾಡಿಗಳಲ್ಲಿ ಎಂಜಿನ್ನಿನ ಶ್ರಮ ಎಷ್ಟು ಎಂದು ಗೇರ್‌ಬಾಕ್ಸಿಗೆ ಹೇಳುತ್ತಿದ್ದದ್ದು ಆಕ್ಸಿಲರೇಟರಿಗೆ ಕಟ್ಟಿದ ಒಂದು ಕೇಬಲ್ಲು ಅಥವಾ ವ್ಯಾಕ್ಯೂಮ್ ಪೈಪು. ಈಗ ಕಂಪ್ಯೂಟರು. ಎಂಜಿನ್ ಕಂಪ್ಯೂಟರು ‘ಈಗ ಇಷ್ಟು ಟಾರ್ಕ್ ಕೊಡುತ್ತಿದ್ದೇನೆ’ ಎಂದು ತಿಳಿಸುತ್ತದೆ. ಗೇರ್‌ಬಾಕ್ಸಿನ ಕಂಪ್ಯೂಟರು ಅದಕ್ಕೆ ತಕ್ಕಷ್ಟು ಒತ್ತಡವನ್ನು ಸೊಲೆನಾಯ್ಡ್ ಎಂಬ ಕರೆಂಟಿನ ವಾಲ್ವ್ ಮೂಲಕ ಕೊಡಿಸುತ್ತದೆ. ಬಹಳಷ್ಟು ಗಾಡಿಗಳಲ್ಲಿ ಈ ಸೊಲೆನಾಯ್ಡಿಗೆ ಕರೆಂಟು ಕಡಿಮೆಯಾದಷ್ಟೂ ಒತ್ತಡ ಜಾಸ್ತಿ. ವಯರ್ ಕಿತ್ತುಹೋದರೂ ಕ್ಲಚ್ ಸುಟ್ಟುಹೋಗದಿರಲಿ ಎನ್ನುವ ಮುಂದಾಲೋಚನೆ ಅದು. ಆದ್ದರಿಂದ ಒಂದು ದಿನ ಇದ್ದಕ್ಕಿದ್ದಂತೆ ಡಿ ಹಾಕಿದಾಗಲೆಲ್ಲ ‘ಧಡ್’ ಎಂದರೆ, ಗಾಡಿ ಒಂದೇ ಗೇರಿನಲ್ಲಿ ನಿಂತುಬಿಟ್ಟರೆ, ಮೊದಲು ಕನೆಕ್ಟರು ಮತ್ತು ವಯರಿಂಗ್ ನೋಡಿ. ಗೇರ್‌ಬಾಕ್ಸ್ ಬಿಚ್ಚಿಸಲು ಓಡಬೇಡಿ.

ಕಂಪ್ಯೂಟರು ಒತ್ತಡ ಕೊಡಿಸುವುದು ತನಗೆ ಬಂದ ಸುದ್ದಿಯನ್ನು ನಂಬಿ. ಏರ್ ಫ್ಲೋ ಸೆನ್ಸರಿನಲ್ಲಿ ಧೂಳು ಕೂತು ಗಾಳಿ ಕಡಿಮೆ ಎಂದು ತೋರಿಸಿದರೆ ಟಾರ್ಕ್ ಕಡಿಮೆ ಎಂದು ಅದು ತಿಳಿಯುತ್ತದೆ. ಒತ್ತಡ ಇಳಿಸುತ್ತದೆ. ಎಂಜಿನ್ ಮಾತ್ರ ಪೂರ್ತಿ ಎಳೆಯುತ್ತಿರುತ್ತದೆ. ಗೇರ್‌ಬಾಕ್ಸಿನಲ್ಲಿ ಏನೂ ಹಾಳಾಗದೆ ಸ್ಲಿಪ್ ಶುರುವಾಯಿತು, ಅಲ್ವಾ? ಡೀಸೆಲ್ ಗಾಡಿಗೆ ‘ಪಿಕಪ್’ ಹೆಚ್ಚಿಸಲು ಹಾಕುವ ಟ್ಯೂನಿಂಗ್ ಬಾಕ್ಸುಗಳ ಕಥೆಯೂ ಇದೇ. ಅವು ಇಂಧನದ ಒತ್ತಡ ಕಡಿಮೆಯಿದೆ ಎಂದು ಎಂಜಿನ್ ಕಂಪ್ಯೂಟರಿಗೆ ಸುಳ್ಳು ಹೇಳಿ ಹೆಚ್ಚು ಡೀಸೆಲ್ ಹಾಕಿಸುತ್ತವೆ. ಹೆಚ್ಚಿದ ಟಾರ್ಕಿನ ಸುದ್ದಿ ಗೇರ್‌ಬಾಕ್ಸಿಗೆ ತಲುಪುವುದೇ ಇಲ್ಲ. ನನಗೆ ಕೇಳಿದರೆ ಆಟೋಮ್ಯಾಟಿಕ್ ಗಾಡಿಗೆ ಅಂಥ ಬಾಕ್ಸ್ ಹಾಕಲೇಬಾರದು. ಹಾಕಿದ್ದರೆ, ಸ್ಲಿಪ್ ದೂರಿನ ಮೊದಲ ರಿಪೇರಿ ಅದನ್ನು ಕಿತ್ತು ಬದಿಗಿಡುವುದು.

ನಿಜವಾಗಿ ಸ್ಲಿಪ್ಪೇ ಹೌದಾ?

ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಎಂಜಿನ್ನಿನ ವೇಗವನ್ನು, ಗೇರ್‌ಬಾಕ್ಸಿನದ್ದನ್ನಲ್ಲ. ಹಾಗಾಗಿ ಏರಿನಲ್ಲಿ ಮುಳ್ಳು ಮೇಲೆ ಹೋಗಲು ಮೂರು ಕಾರಣ ಇರಬಹುದು.

ಕೆಳಗಿನ ಗೇರಿಗೆ ಇಳಿದರೆ ಮುಳ್ಳು ಒಮ್ಮೆಲೇ ಹಾರಿ ಅಲ್ಲೇ ನಿಲ್ಲುತ್ತದೆ, ಗಾಡಿಯ ಎಳೆತವೂ ಹೆಚ್ಚುತ್ತದೆ. ಲಾಕಪ್ ಬಿಟ್ಟುಕೊಂಡರೆ ಕೆಲವು ನೂರು ಆರ್‌ಪಿಎಂ ಏರಿ ನಿಲ್ಲುತ್ತದೆ. ಇವೆರಡೂ ಆರೋಗ್ಯವಂತ ಗಾಡಿಯ ಲಕ್ಷಣ. ಸ್ಲಿಪ್ ಆದರೆ ಮುಳ್ಳು ಏರುತ್ತಲೇ ಹೋಗುತ್ತದೆ, ಎಳೆತ ಕುಸಿಯುತ್ತದೆ. ಕಾಲು ಸ್ವಲ್ಪ ಎತ್ತಿದರೆ ಮತ್ತೆ ಹಿಡಿದುಕೊಂಡು ಒಂದು ಜರ್ಕ್ ಕೊಡುತ್ತದೆ. ಗೇರ್ ಬದಲಾಗುವ ಕ್ಷಣದಲ್ಲಿ ಮಾತ್ರ ಮುಳ್ಳು ಚಂಗನೆ ನೆಗೆದು ಕೆಳಗೆ ಬಂದರೆ ಅದು ಫ್ಲೇರ್. ಬಿಡುವ ಕ್ಲಚ್ಚು ಬೇಗ ಬಿಟ್ಟಿತು, ಹಿಡಿಯುವ ಕ್ಲಚ್ಚು ತಡವಾಗಿ ಹಿಡಿಯಿತು ಎಂದು ಅರ್ಥ. ಇದಕ್ಕೆ ವಿರುದ್ಧವಾಗಿ ಎರಡೂ ಒಟ್ಟಿಗೆ ಹಿಡಿದುಕೊಂಡರೆ ಯಾರೋ ಬ್ರೇಕ್ ತುಳಿದಂತೆ ಗಾಡಿ ಒಂದು ಕ್ಷಣ ತಡೆಯುತ್ತದೆ.

ಇನ್ನೊಂದು ಗೊಂದಲ ಶಡರ್. ಗಂಟೆಗೆ 50ರಿಂದ 80 ಕಿ.ಮೀ. ವೇಗದಲ್ಲಿ, ಕಾಲು ಹಗುರವಾಗಿಟ್ಟು ಹೋಗುವಾಗ ಸೀಟಿನ ಕೆಳಗೆ ಗರಗರ ನಡುಕ. ಆಗ ಎಡಗಾಲಿನಿಂದ ಬ್ರೇಕನ್ನು ಲೈಟು ಉರಿಯುವಷ್ಟು ಮಾತ್ರ ಮುಟ್ಟಿ ನೋಡಿ, ಹಿಂದೆ ಗಾಡಿ ಇಲ್ಲದಿದ್ದರೆ. ಬ್ರೇಕ್ ಮುಟ್ಟಿದ ಕೂಡಲೇ ಲಾಕಪ್ ಬಿಡುತ್ತದೆ. ನಡುಕ ನಿಂತರೆ ತೊಂದರೆ ಲಾಕಪ್ ಕ್ಲಚ್ಚಿನದ್ದು ಅಥವಾ ಎಣ್ಣೆಯದ್ದು, ಗೇರಿನ ಕ್ಲಚ್ಚಿನದ್ದಲ್ಲ. ನಿಲ್ಲದಿದ್ದರೆ ಎಂಜಿನ್ ಮಿಸ್‌ಫೈರ್ ಕಡೆಗೂ ಅನುಮಾನ ಪಡಬೇಕು.

ಸ್ಲಿಪ್ ಹೌದು ಎಂದಾದರೆ ಮುಂದಿನ ಪ್ರಶ್ನೆ: ಎಲ್ಲ ಗೇರಲ್ಲೂ ಆಗುತ್ತದೋ, ಒಂದರಲ್ಲೋ? ಎಲ್ಲದರಲ್ಲೂ ಆದರೆ ತೊಂದರೆ ಎಲ್ಲ ಗೇರಿಗೂ ಸೇರಿದ ಕಡೆ ಇದೆ. ಎಣ್ಣೆ ಕಡಿಮೆ, ಫಿಲ್ಟರ್ ಕಟ್ಟಿದೆ, ಪಂಪು ಸವೆದಿದೆ, ಇಲ್ಲವೇ ಲೈನ್ ಪ್ರೆಶರ್ ವಾಲ್ವ್ ಅಂಟಿದೆ. ಎರಡು–ಮೂರು ಗೇರಿನಲ್ಲಿ ಮಾತ್ರ ಆದರೆ ಆ ಗೇರುಗಳಿಗೆ ಸಮಾನವಾದ ಕ್ಲಚ್ಚು ಯಾವುದು ಎಂದು ಮ್ಯಾನುವಲ್ಲಿನ ಕೋಷ್ಟಕದಲ್ಲಿ ನೋಡಬೇಕು. ಡಬ್ಬ ಬಿಚ್ಚುವ ಮೊದಲೇ ಅರ್ಧ ಉತ್ತರ ಆ ಕೋಷ್ಟಕದಲ್ಲಿ ಸಿಗುತ್ತದೆ. ಅದನ್ನು ತೆರೆದೂ ನೋಡದ ಮೆಕ್ಯಾನಿಕ್ ಮೇಲೆ ನನಗೆ ನಂಬಿಕೆ ಬರುವುದಿಲ್ಲ.

ಬೆಳಿಗ್ಗೆ ತಣ್ಣಗಿರುವಾಗ ಜಾರಿ, ಬಿಸಿಯಾದ ಮೇಲೆ ಸರಿಹೋದರೆ ಗಟ್ಟಿಯಾದ ರಬ್ಬರ್ ಸೀಲುಗಳ ಮೇಲೆ ಸಂಶಯ. ಬಿಸಿಗೆ ಅವು ಮೆತ್ತಗಾಗಿ ಕೂರುತ್ತವೆ. ತಣ್ಣಗಿರುವಾಗ ಸರಿಯಿದ್ದು ಬಿಸಿಯಾದ ಮೇಲೆ ಜಾರಿದರೆ ಒಳಸೋರಿಕೆ. ಬಿಸಿ ಎಣ್ಣೆ ತೆಳ್ಳಗಾಗಿ ಸಣ್ಣ ಸಂದಿನಲ್ಲೂ ತಪ್ಪಿಸಿಕೊಳ್ಳುತ್ತದೆ. ಡಿ ಅಥವಾ ಆರ್ ಹಾಕಿದ ಮೇಲೆ ಹಿಡಿಯಲು ಒಂದೂವರೆ ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ಅದೂ ಇಂಥದ್ದೇ ಸೂಚನೆ.

ಎಣ್ಣೆ ನೋಡುವುದು ಸುಲಭ ಎಂದು ಕಾಣುತ್ತದೆ, ಆದರೆ ತಪ್ಪುವುದೂ ಅಲ್ಲೇ. ಈಗಿನ ಹಲವು ಗಾಡಿಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಗಾಡಿಯನ್ನು ಸಮತಟ್ಟಾಗಿ ಎತ್ತಿ, ಎಂಜಿನ್ ಓಡುತ್ತಿರುವಾಗ, ಎಣ್ಣೆ ಹೇಳಿದಷ್ಟು ಬಿಸಿ ಇರುವಾಗ ಕೆಳಗಿನ ಪ್ಲಗ್ ತೆಗೆದು ನೋಡಬೇಕು. ಎಷ್ಟೋ ಗಾಡಿಗಳಿಗೆ ಅದು 40 ಡಿಗ್ರಿಯ ಆಸುಪಾಸು. ಬಿಸಿ ಜಾಸ್ತಿಯಾಗಿ ನೋಡಿದರೆ ಎಣ್ಣೆ ಹಿಗ್ಗಿ ಸರಿಯಿದೆ ಎಂದು ಕಾಣುತ್ತದೆ, ನಿಜಕ್ಕೂ ಕಡಿಮೆ ಇರುತ್ತದೆ. ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ. ಜಾಸ್ತಿಯಾದರೂ ತಿರುಗುವ ಗೇರು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಒತ್ತಡ ಹೊರುವುದಿಲ್ಲ.

ಬಣ್ಣ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಸುಟ್ಟಿದೆ. ಹಾಲುಗೆಂಪು ಬಣ್ಣ ಕಂಡರೆ ನೀರು ಅಥವಾ ಕೂಲಂಟ್ ಸೇರಿದೆ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ಜಿಲ್ಲೆ ನಮ್ಮದು. ಆಟಿಯ ಮಳೆಗೆ ತಗ್ಗಿನ ರಸ್ತೆಯಲ್ಲಿ ನಿಂತ ನೀರಿಗೆ ಗಾಡಿ ಇಳಿಸಿದರೆ, ಬಿಸಿಯಿದ್ದ ಗೇರ್‌ಬಾಕ್ಸ್ ಒಮ್ಮೆಲೇ ತಣ್ಣಗಾಗಿ ಬ್ರೀದರ್ ಎಂಬ ಗಾಳಿಕಿಂಡಿಯ ಮೂಲಕ ನೀರು ಎಳೆದುಕೊಳ್ಳಬಹುದು. ರೇಡಿಯೇಟರಿನೊಳಗಿನ ಕೂಲರ್ ತೂತಾದರೂ ಇದೇ ಗತಿ. ಫ್ರಿಕ್ಷನ್ ಲೈನಿಂಗನ್ನು ಹಿಡಿದಿರುವ ಅಂಟು ಕೂಲಂಟಿಗೆ ಸಡಿಲವಾಗುತ್ತದೆ. ಅಲ್ಲಿ ಪ್ರೆಶರ್ ಏರಿಸುವ ಮಾತೇ ಬರುವುದಿಲ್ಲ.

ಗೇಜ್ ಹಾಕಿದ ಮೇಲೆ

ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರಿನಲ್ಲಿ ಎರಡು ವೇಗ ನೋಡಬೇಕು: ಟರ್ಬೈನಿನದ್ದು ಮತ್ತು ಹೊರಹೋಗುವ ಶಾಫ್ಟಿನದ್ದು. ಮೂರನೇ ಗೇರಿನ ಅನುಪಾತ 1.5 ಎಂದಿಟ್ಟುಕೊಳ್ಳಿ. ಹೊರಗಿನ ಶಾಫ್ಟು 1200 ತಿರುಗುತ್ತಿದ್ದರೆ ಟರ್ಬೈನು 1800 ಇರಬೇಕು. 2050 ತೋರಿಸಿದರೆ ಕ್ಲಚ್ಚು 250 ಆರ್‌ಪಿಎಂ ಜಾರುತ್ತಿದೆ. ಕಂಪ್ಯೂಟರು ಕೂಡ ಇದೇ ಲೆಕ್ಕ ಹಾಕಿ ಪಿ0730 ಎಂಬ ಕೋಡ್ ಬರೆಯುತ್ತದೆ. ಪಿ0731 ಎಂದರೆ ಒಂದನೇ ಗೇರು, ಪಿ0732 ಎರಡನೆಯದು, ಹೀಗೆ. ಪಿ0741 ಲಾಕಪ್ಪಿಗೆ ಸಂಬಂಧಿಸಿದ್ದು, ಪಿ0745 ಒತ್ತಡದ ಸೊಲೆನಾಯ್ಡಿಗೆ. ಬರೀ ಪಿ0700 ಬಂದರೆ ‘ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಕೋಡ್ ಇದೆ, ಅಲ್ಲಿ ನೋಡು’ ಎಂದಷ್ಟೇ ಅರ್ಥ. ಅಗ್ಗದ ಸ್ಕ್ಯಾನರ್ ಅಲ್ಲಿಗೇ ಕೈ ಚೆಲ್ಲುತ್ತದೆ.

ನಂತರ ಡಬ್ಬದ ಮೇಲಿರುವ ಟೆಸ್ಟ್ ಪೋರ್ಟಿಗೆ 20 ಬಾರ್ ವರೆಗಿನ ಗೇಜ್ ಕಟ್ಟಬೇಕು. ಕಂಪ್ಯೂಟರು ಕೇಳಿದ ಒತ್ತಡ ಎಷ್ಟು, ಗೇಜಿನಲ್ಲಿ ಬಂದದ್ದೆಷ್ಟು ಎಂದು ಅಕ್ಕಪಕ್ಕ ಬರೆಯಬೇಕು. ಅಡಿಕೆಗೆ ಬೋರ್ಡೋ ಮದ್ದು ಸಿಂಪಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಪಿನ ಬುಡದಲ್ಲಿ ಗೇಜ್ ಸರಿ ತೋರಿಸಿಯೂ ಮದ್ದು ಅಡಿಕೆಗೊನೆಗೆ ಮುಟ್ಟದಿದ್ದರೆ ಪೈಪ್ ಹಿಡಿದು ಸೋರಿಕೆ ಹುಡುಕುತ್ತಾರೆ. ಬುಡದಲ್ಲೇ ಒತ್ತಡ ಇಲ್ಲದಿದ್ದರೆ ಪಂಪನ್ನು ನೋಡುತ್ತಾರೆ. ಸುಮ್ನೆ ರೆಗ್ಯುಲೇಟರ್ ತಿರುಪುತ್ತಾ ಹೋದರೆ ಪೈಪ್ ಹರಿಯುತ್ತದೆ, ಅಷ್ಟೆ.

ಗೇರ್‌ಬಾಕ್ಸಿನಲ್ಲೂ ಹಾಗೆಯೇ. ಕೇಳಿದ ಒತ್ತಡ ಏರಿದರೂ ಗೇಜ್ ಏರದಿದ್ದರೆ ಪಂಪು, ಫಿಲ್ಟರು, ರೆಗ್ಯುಲೇಟರ್ ವಾಲ್ವ್. ನಾಲ್ಕು ಗೇರಿನಲ್ಲಿ ಸರಿಯಿದ್ದು ಒಂದರಲ್ಲಿ ಮಾತ್ರ ಗೇಜ್ ಬಿದ್ದರೆ ಆ ಕ್ಲಚ್ಚಿನ ದಾರಿಯಲ್ಲಿ ಸೋರಿಕೆ: ಸೀಲು, ರಿಂಗು, ಅಥವಾ ಎಣ್ಣೆಯ ದಾರಿಗಳೂ ವಾಲ್ವುಗಳೂ ಇರುವ ಅಲ್ಯೂಮಿನಿಯಂ ವಾಲ್ವ್ ಬಾಡಿಯಲ್ಲಿ ಸವೆದ ತೂತು. ಗೇಜ್ ಎಲ್ಲದರಲ್ಲೂ ಸರಿಯಿದ್ದೂ ಜಾರಿದರೆ ಪ್ಲೇಟು ಸತ್ತಿರಬಹುದು, ಅಥವಾ ಮುಖ್ಯ ಗೇಜಿಗೆ ಕಾಣದಷ್ಟು ಸಣ್ಣ ಸೋರಿಕೆ ಆ ಕ್ಲಚ್ಚಿನ ಹತ್ತಿರವೇ ಇರಬಹುದು. ವಾಲ್ವ್ ಬಾಡಿ ತೆಗೆದು ಆ ದಾರಿಗೆ ಕಂಪ್ರೆಸರಿನ ಗಾಳಿ ಬಿಟ್ಟರೆ ಒಳ್ಳೆಯ ಕ್ಲಚ್ಚು ‘ಟಪ್’ ಎಂದು ಗಟ್ಟಿ ಸದ್ದು ಮಾಡುತ್ತದೆ. ಸೋರುವುದು ಬುಸುಗುಟ್ಟುತ್ತದೆ.

ಸ್ಟಾಲ್ ಟೆಸ್ಟ್ ಎಂಬುದೊಂದಿದೆ. ಬ್ರೇಕ್ ಗಟ್ಟಿಯಾಗಿ ತುಳಿದು ಪೂರ್ತಿ ರೇಸ್ ಕೊಟ್ಟು ಎಂಜಿನ್ ಎಷ್ಟು ಆರ್‌ಪಿಎಂಗೆ ಹೋಗಿ ನಿಲ್ಲುತ್ತದೆ ಎಂದು ನೋಡುವುದು. ಎಂಜಿನ್ನಿನ ಇಡೀ ಶಕ್ತಿ ಎಣ್ಣೆಯಲ್ಲಿ ಬಿಸಿಯಾಗುವುದರಿಂದ ಐದು ಸೆಕೆಂಡು ಮೀರಬಾರದು. ಮನೆಯಂಗಳದಲ್ಲಿ ಮಾಡುವ ಕೆಲಸ ಇದಲ್ಲ. ಬ್ರೇಕ್ ಜಾರಿದರೆ ಗಾಡಿ ತೋಟದ ಬರೆಯಿಂದ ಕೆಳಗಿರುತ್ತದೆ.

ಹಾಗಾದರೆ ಪ್ರೆಶರ್ ಏರಿಸುವುದು ಯಾವಾಗ?

ಎಣ್ಣೆ ಸರಿ, ಸೆನ್ಸರ್ ಸರಿ, ಗೇಜ್ ಕೇಳಿದಷ್ಟೇ ತೋರಿಸುತ್ತದೆ, ಪ್ಲೇಟು ಚೆನ್ನಾಗಿದೆ. ಆದರೂ ಶಿಫ್ಟು ಎಳೆಯುತ್ತದೆ, ಅಥವಾ ಎಂಜಿನ್ನಿನ ಟಾರ್ಕನ್ನು ನಿಜವಾಗಿಯೇ ಹೆಚ್ಚಿಸಿದ್ದೀರಿ. ಆಗ ಟ್ಯೂನಿಂಗ್ ಅರ್ಥವುಳ್ಳ ಕೆಲಸ.

ಹಳೆಯ ಕೇಬಲ್ ಗಾಡಿಯಾದರೆ ಕೇಬಲ್ಲಿನ ಹೊಂದಾಣಿಕೆಯಲ್ಲೇ ಬಹಳಷ್ಟು ಮುಗಿಯುತ್ತದೆ. ಸಡಿಲವಾದ ಕೇಬಲ್ಲು ಒತ್ತಡ ಇಳಿಸಿ ಕ್ಲಚ್ ಸುಡುತ್ತದೆ, ಬಿಗಿಯಾದದ್ದು ತಡವಾಗಿ, ಒರಟಾಗಿ ಗೇರ್ ಹಾಕಿಸುತ್ತದೆ. ಗಟ್ಟಿ ಸ್ಪ್ರಿಂಗು, ದೊಡ್ಡ ತೂತಿನ ಪ್ಲೇಟು ಇರುವ ಶಿಫ್ಟ್ ಕಿಟ್ಟುಗಳೂ ಇವೆ.

ಈಗಿನ ಗಾಡಿಯಲ್ಲಿ ಕೆಲಸ ಸಾಫ್ಟ್‌ವೇರಿನದ್ದು. ಅಲ್ಲಿ ಎರಡು ಬೇರೆ ಒತ್ತಡಗಳಿವೆ. ಗೇರಿನಲ್ಲಿ ಓಡುವಾಗ ಕ್ಲಚ್ಚನ್ನು ಹಿಡಿದಿಡುವ ಒತ್ತಡ ಒಂದು. ಗೇರ್ ಬದಲಾಗುವ ಆ ಅರ್ಧ ಸೆಕೆಂಡಿನಲ್ಲಿ ಒತ್ತಡ ಏರುವ ರೀತಿ ಇನ್ನೊಂದು. ಗೇರಿನಲ್ಲಿರುವಾಗ ಜಾರಿದರೆ ಮೊದಲನೆಯದನ್ನು ಮುಟ್ಟಬೇಕು, ಶಿಫ್ಟಿನಲ್ಲಿ ಫ್ಲೇರ್ ಆದರೆ ಎರಡನೆಯದನ್ನು. ಎರಡನ್ನೂ ಒಟ್ಟಿಗೆ ಏರಿಸಿದರೆ ಯಾವುದು ಕೆಲಸ ಮಾಡಿತು ಎಂದು ಗೊತ್ತಾಗುವುದಿಲ್ಲ. ಒಂದು ಶಿಫ್ಟು, ಒಂದು ಟಾರ್ಕ್ ಹಂತ, ಒಮ್ಮೆಗೆ ಶೇ. 5ರಷ್ಟು, ಆಮೇಲೆ ಲಾಗ್, ಅಂದರೆ ಸ್ಕ್ಯಾನರಿನ ದಾಖಲೆ, ನೋಡುವುದು. ‘ಎಲ್ಲ ಕಡೆ ಶೇ. 20 ಏರಿಸಿದ್ದೇನೆ, ಇನ್ನು ಗುಂಡಿನ ಹಾಗೆ ಹೋಗ್ತದೆ’ ಎನ್ನುವವರ ಹತ್ತಿರ ಕೀ ಕೊಡಬೇಡಿ. ಜಾಸ್ತಿ ಒತ್ತಡದಲ್ಲಿ ಶಿಫ್ಟು ಗಟ್ಟಿಯಾಗುತ್ತದೆ, ಆ ಹೊಡೆತ ಶಾಫ್ಟು, ಡ್ರಮ್ಮು, ಮೌಂಟಿನ ಮೇಲೆ ಬೀಳುತ್ತದೆ. ಪಂಪಿಗೂ ಹೊರೆ, ಎಣ್ಣೆಗೂ ಬಿಸಿ.

ಸವೆದ ಗೇರ್‌ಬಾಕ್ಸಿನಲ್ಲಿ ಏರಿಸಿದರೆ ಕೆಲವು ದಿನ ಸರಿಯಾದಂತೆ ಕಾಣುತ್ತದೆ, ಅದೇ ಮೋಸ. ಕಂಪ್ಯೂಟರು ತಾನಾಗಿಯೇ ಕಲಿತು ಮೊದಲೇ ಒತ್ತಡ ಏರಿಸಿಕೊಂಡಿರುತ್ತದೆ. ಪ್ರತಿ ಶಿಫ್ಟಿಗೆ ಎಷ್ಟು ಸಮಯ ಹಿಡಿಯಿತು ಎಂದು ಅಳೆದು ಮುಂದಿನ ಸಲ ತಿದ್ದುವುದು ಅದರ ಕೆಲಸ. ಈ ಅಡಾಪ್ಟೇಶನ್ ಅಂಕಿಗಳನ್ನು ಸ್ಕ್ಯಾನರಿನಲ್ಲಿ ಓದಬಹುದು. ಒಂದು ಕ್ಲಚ್ಚಿನ ಅಂಕಿ ಮಿತಿಯ ತುದಿಗೆ ಹೋಗಿ ನಿಂತಿದ್ದರೆ ಆ ಕ್ಲಚ್ಚಿಗೆ ಒಳಗಿಂದಲೇ ರೋಗವಿದೆ.

ಎಣ್ಣೆ ಬದಲಿಸುವಾಗ ಡ್ರೇನ್ ಪ್ಲಗ್ ತೆಗೆದರೆ ಒಂದು ಪಾಲು ಮಾತ್ರ ಬರುತ್ತದೆ, ಉಳಿದದ್ದು ಕನ್ವರ್ಟರು ಮತ್ತು ಕೂಲರಿನಲ್ಲಿರುತ್ತದೆ. ನಡುವೆ ಸ್ವಲ್ಪ ಓಡಿಸಿ ಎರಡು–ಮೂರು ಸಲ ಬದಲಿಸುವುದು ನನಗೆ ಯಂತ್ರದ ಫ್ಲಶ್ಶಿಗಿಂತ ಇಷ್ಟ. ಕಂಪನಿ ಹೇಳಿದ ಗ್ರೇಡೇ ಹಾಕಬೇಕು. ಎಣ್ಣೆಯ ಘರ್ಷಣೆ ಗುಣ ಬದಲಾದರೆ ಮೇಲಿನ ಲೆಕ್ಕದ 0.13 ಕೂಡ ಬದಲಾಗುತ್ತದೆ.

ವಾಲ್ವ್ ಬಾಡಿ ಅಥವಾ ಕ್ಲಚ್ ಬದಲಿಸಿದ ಮೇಲೆ ಹಳೆಯ ಅಡಾಪ್ಟೇಶನ್ ಅಳಿಸಿ ಹೊಸದಾಗಿ ಕಲಿಸಬೇಕು. ಎಣ್ಣೆ ಪೂರ್ತಿ ಬಿಸಿಯಾದ ಮೇಲೆ, ಕಾಲು ಹಗುರವಾಗಿ ಒಂದೇ ಮಟ್ಟದಲ್ಲಿಟ್ಟು, ನಿಂತಲ್ಲಿಂದ ಮೇಲಿನ ಗೇರಿನ ತನಕ ಸಾವಕಾಶ ಏರಿಸುವುದು. ಆಮೇಲೆ ಬ್ರೇಕ್ ಒತ್ತದೆ ವೇಗ ಇಳಿಯಲು ಬಿಡುವುದು. ಮತ್ತೆ ಅದೇ, ಈ ಸಲ ಕಾಲು ಇನ್ನೊಂದಿಷ್ಟು ಜಾಸ್ತಿ. ತಲಪಾಡಿಯಿಂದ ಚೆಂಗಳದವರೆಗಿನ ಆರು ಪಥದ ರಸ್ತೆಯ ಪಕ್ಕದ ಸರ್ವಿಸ್ ರೋಡ್ ಇದಕ್ಕೆ ಆಗುವುದಿಲ್ಲ, ಅಲ್ಲಿ ಹತ್ತು ಮಾರಿಗೊಮ್ಮೆ ಬ್ರೇಕ್ ತುಳಿಯಬೇಕು. ಮುಖ್ಯ ಹೆದ್ದಾರಿಗೆ ಬೆಳಿಗ್ಗೆ ಬೇಗ ಹೋಗಿ. ಅಲ್ಲಿ ಶಿಫ್ಟುಗಳು ಹದಕ್ಕೆ ಬಂದ ಮೇಲೆ ಬದಿಯಡ್ಕ–ಪೆರ್ಲದ ಏರುಗಳಲ್ಲಿ ಅರ್ಧ ಕಾಲು ಒತ್ತಿ ನೋಡಿ, ಸ್ಕ್ಯಾನರ್ ಹಿಡಿದವರು ಪಕ್ಕದ ಸೀಟಿನಲ್ಲಿ ಕೂತು ಟರ್ಬೈನ್ ವೇಗ ನೋಡುತ್ತಿರಲಿ. ಸಂಪಾಜೆ ಘಾಟಿಗೆ ಹೋಗುವುದು ಆ ಲಾಗ್ ನೋಡಿದ ಮೇಲೆ.